ಪ್ರಯೋಗಶಾಲೆಯಲ್ಲಿ ನಾನು ಕಲಿತ ವ್ಯಾಕರಣ

ಈ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ಅವರ ನಿರೀಕ್ಷೆ ಏನಿದ್ದಿತೆಂಬುದು ನನಗೆ ತಿಳಿದಿತ್ತು. ಕನ್ನಡ ಪಂಡಿತನಾದವನು ಪಂಪನ ಮೇಲೋ, ಹರಿಹರನ ರಗಳೆಗಳ ಮೇಲೋ, ಶರಣರ ನುಡಿಯ ಸೊಗಸಿನ ಮೇಲೋ ನಾಲ್ಕು ಪುಟ ಬರೆದುಕೊಡುವನೆಂದು ಅವರು ಎಣಿಸಿದ್ದರು. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಈ ಸಲ ನಮ್ಮ ರಸಾಯನ ಪ್ರಯೋಗಶಾಲೆಯನ್ನು ಕುರಿತು ಬರೆಯುತ್ತೇನೆಂದಾಗ ಅವರು ನಕ್ಕು, "ಪಂಡಿತರೇ, ಅಲ್ಲಿ ನಿಮಗೇನು ಕೆಲಸ?" ಎಂದರು.

ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ತೇರ್ಗಡೆಯಾದದ್ದು ವಿದ್ವತ್ ಪರೀಕ್ಷೆಯಲ್ಲಿ. ಕೇಶಿರಾಜನ ಸೂತ್ರಗಳನ್ನು ಕಂಠಪಾಠ ಮಾಡಿದವನಿಗೆ ಬೀಕರು, ಪ್ರನಾಳಗಳ ಸಹವಾಸವೇನು? ಆದರೂ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನನ್ನ ಮನಸ್ಸಿನಲ್ಲಿ ಒಂದು ಋಣ ಉಳಿದುಕೊಂಡಿದೆ. ಸೇವೆಯಿಂದ ನಿವೃತ್ತನಾಗುವುದಕ್ಕೆ ಇನ್ನೆರಡು ವರ್ಷಗಳಿರುವ ಈ ಹೊತ್ತಿನಲ್ಲಿ ಅದನ್ನು ಒಪ್ಪಿಸದೆ ಹೋಗುವುದು ಸರಿಯಲ್ಲವೆಂದು ತೋರಿದೆ.

ನಮ್ಮ ಪ್ರಯೋಗಶಾಲೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳಿಗೆ ಅದರ ವರ್ಣನೆ ಬೇಕಿಲ್ಲ. ಪ್ರಸಾದನಿಲಯದ ಹಿಂದಿನ ಉದ್ದನೆಯ ಕೋಣೆ. ಕಡಪಾ ಕಲ್ಲು ಹಾಸಿದ ಎರಡು ಕಟ್ಟೆಗಳು. ಗೋಡೆಯುದ್ದಕ್ಕೂ ಸೀಸೆಗಳ ಸಾಲು. ಮೂಲೆಯಲ್ಲಿ ಒಂದೇ ಒಂದು ನಲ್ಲಿ. ಭಕ್ತರು ಕಾಳುಕಡಿ ಕೊಟ್ಟಷ್ಟೇ ಶ್ರದ್ಧೆಯಿಂದ ಕೊಟ್ಟ ಹಣದಲ್ಲಿ ಎದ್ದ ಕೋಣೆಯದು. ಅಲ್ಲಿನ ಕಾವಲಿಗೆ ಒಬ್ಬ ವಯೋವೃದ್ಧ ಜವಾನನಿದ್ದ. ಹುಡುಗರೆಲ್ಲ ಆತನನ್ನು 'ಅಜ್ಜ' ಎಂದೇ ಕರೆಯುತ್ತಿದ್ದರು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಆತನು ದಿನವೂ ಬೆಳಗ್ಗೆ ಎರಡು ದೊಡ್ಡ ಕೊಡಗಳಲ್ಲಿ ನೀರು ತಂದು ಪ್ರಯೋಗಶಾಲೆಯ ಬಾಗಿಲ ಬಳಿ ಇಡುತ್ತಿದ್ದ. ನಲ್ಲಿಯಿರುವಾಗ ಈ ಕೊಡಗಳೇಕೆಂದು ನಾವು ಹಾಸ್ಯ ಮಾಡಿದ್ದುಂಟು. ಆತನು ನಗುತ್ತಿದ್ದನೇ ಹೊರತು ಉತ್ತರ ಕೊಡುತ್ತಿರಲಿಲ್ಲ.

ನಾನು ಈ ಶಾಲೆಗೆ ಬಂದ ಮರುವರ್ಷ, ಎಂದರೆ 1997ರಲ್ಲಿ, ಅಂದಿನ ಮುಖ್ಯೋಪಾಧ್ಯಾಯರು ಇಂಗ್ಲಿಷಿನಲ್ಲಿದ್ದ ಒಂದು ಹಾಳೆಯನ್ನು ನನ್ನ ಕೈಗಿತ್ತು, "ಇವು ಪ್ರಯೋಗಶಾಲೆಯ ನಿಯಮಗಳು. ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು. ನೀವು ಇದನ್ನು ಒಳ್ಳೆಯ ಕನ್ನಡಕ್ಕೆ ತಂದುಕೊಡಿ" ಎಂದು ಹೇಳಿದರು. ನನಗೆ ಹಿಗ್ಗಾಯಿತು. ಎರಡು ರಾತ್ರಿ ಕುಳಿತು, ವಿಜ್ಞಾನದ ಅಧ್ಯಾಪಕರಿಂದ ಅಷ್ಟಿಷ್ಟು ಅರ್ಥ ಕೇಳಿಕೊಂಡು ಹನ್ನೆರಡು ನಿಯಮಗಳನ್ನು ರಚಿಸಿದೆ. ಅವುಗಳಲ್ಲಿ ಮೂರನೆಯದು ಹೀಗಿತ್ತು: "ಸಾಂದ್ರಾಮ್ಲದಲ್ಲಿ ಜಲಪ್ರಕ್ಷೇಪಣವು ಸರ್ವಥಾ ವರ್ಜ್ಯವು, ಜಲದಲ್ಲಿ ಆಮ್ಲವನ್ನು ಶನೈಃ ಶನೈಃ ಮಿಶ್ರಣಗೈಯತಕ್ಕದ್ದು."

ಪೇಂಟರನು ಕರಿಯ ಹಲಗೆಯ ಮೇಲೆ ಹಳದಿ ಅಕ್ಷರಗಳಲ್ಲಿ ಅವುಗಳನ್ನು ಮುದ್ದಾಗಿ ಬರೆದುಕೊಟ್ಟ. ನೋಡಲು ಬಂದ ಹಿರಿಯರೆಲ್ಲ, "ಭಾಷೆ ಎಷ್ಟು ಗಂಭೀರವಾಗಿದೆ!" ಎಂದು ಕೊಂಡಾಡಿದರು. ವಿಜ್ಞಾನದ ಅಧ್ಯಾಪಕರೊಬ್ಬರು ಮಾತ್ರ ಸಂಕೋಚದಿಂದ, "ಪಂಡಿತರೇ, ಹುಡುಗರಿಗೆ ತುಸು ಕಠಿಣವಾಗಬಹುದೇನೋ" ಎಂದರು. "ಶಾಸ್ತ್ರಕ್ಕೆ ತಕ್ಕ ಭಾಷೆ ಬೇಡವೆ? ಹುಡುಗರು ನಿಘಂಟು ನೋಡಿಯಾದರೂ ಕಲಿಯಲಿ" ಎಂದು ನಾನು ಉತ್ತರಿಸಿದೆ. ಆ ಮಾತಿನ ಬೆಲೆ ತಿಳಿಯಲು ನಾಲ್ಕು ವರ್ಷಗಳು ಬೇಕಾದುವು.

2001ರ ಫೆಬ್ರವರಿ ತಿಂಗಳು. ವಿಜ್ಞಾನದ ಅಧ್ಯಾಪಕರು ತರಬೇತಿಗಾಗಿ ಊರಿಗೆ ದೂರ ಹೋಗಿದ್ದರು. ಹತ್ತನೆಯ ತರಗತಿಯ ಹುಡುಗರು ಪ್ರಯೋಗಶಾಲೆಯಲ್ಲಿ ಕುಳಿತು ತಮ್ಮ ಪ್ರಯೋಗ ಪುಸ್ತಕಗಳನ್ನು ಪೂರ್ತಿ ಮಾಡಬೇಕೆಂದೂ ನಾನು ಸುಮ್ಮನೆ ಅವರ ಮೇಲೆ ಕಣ್ಣಿಟ್ಟಿರಬೇಕೆಂದೂ ಏರ್ಪಾಡಾಯಿತು. ನಾನು ಮೇಜಿನ ಮುಂದೆ ಕುಳಿತು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಕಣ್ಣು ಇದ್ದುದು ಕಾಗುಣಿತದ ತಪ್ಪುಗಳ ಮೇಲೆ.

ಸತುವಿನ ಚೂರುಗಳಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಸೇರಿಸಿ ಹೈಡ್ರೋಜನ್ ಅನಿಲವನ್ನು ಪಡೆಯುವ ಪ್ರಯೋಗವನ್ನು ಒಬ್ಬ ಹುಡುಗನು ಹಿಂದಿನ ವಾರ ತಪ್ಪಿಸಿಕೊಂಡಿದ್ದ. ಜಾಣ ಹುಡುಗ, ಓದಿನಲ್ಲಿ ಆಸಕ್ತಿ ಹೆಚ್ಚು. ಸಾರರಿಕ್ತ ಆಮ್ಲದ ಸೀಸೆ ಬರಿದಾಗಿದ್ದುದನ್ನು ಕಂಡು, ಪಕ್ಕದ ಪ್ರಬಲ ಆಮ್ಲದ ಸೀಸೆಯಿಂದ ಬೀಕರಿಗೆ ನಾಲ್ಕು ಬೆರಳಿನಷ್ಟು ಬಗ್ಗಿಸಿಕೊಂಡು, ತಾನೇ ಅದನ್ನು ತೆಳ್ಳಗೆ ಮಾಡಿಕೊಳ್ಳಲು ಹೊರಟ. ತಂಬಿಗೆಯಲ್ಲಿ ನೀರು ಹಿಡಿದು ನಿಂತ ಅವನನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಏಕೆಂದರೆ ಅದರಲ್ಲಿ ಅಪಾಯವೇನೂ ನನಗೆ ತೋರಲಿಲ್ಲ. ಅವನ ತಲೆಯ ಮೇಲೆಯೇ, ಗೋಡೆಯಲ್ಲಿ, ನನ್ನ ಮೂರನೆಯ ನಿಯಮವಿತ್ತು. ಬರೆದವನು ನಾನೇ. ಆದರೆ ಹುಡುಗನೊಬ್ಬನು ಆಮ್ಲವಿದ್ದ ಬೀಕರಿಗೆ ನೀರು ಹೊಯ್ಯುವ ಸಾಮಾನ್ಯ ದೃಶ್ಯವೂ 'ಜಲಪ್ರಕ್ಷೇಪಣ'ವೆಂಬ ನನ್ನ ಮಹಾಶಬ್ದವೂ ಒಂದೇ ಎಂಬುದು ನನಗೇ ಹೊಳೆಯಲಿಲ್ಲ.

ಚಟಚಟನೆ ಸದ್ದಾಯಿತು. ಹಬೆ ಎದ್ದಿತು. ಹುಡುಗನು ಮುಖ ಮುಚ್ಚಿಕೊಂಡು ಚೀರಿದ. ಎಡಗಣ್ಣು, ಕೆನ್ನೆ, ಎದೆಯ ಮೇಲೆಲ್ಲ ಆಮ್ಲ ಸಿಡಿದಿತ್ತು. ಅಂಗಿಯ ಮೇಲೆ ನೋಡನೋಡುತ್ತಿರುವಂತೆಯೇ ಕಂದು ತೂತುಗಳು ಬಿದ್ದುವು.

ಆಗ ನಾನು ಮಾಡಿದ ಕಾರ್ಯವನ್ನು ಮರೆಮಾಚದೆ ಹೇಳುತ್ತೇನೆ. ಆಮ್ಲಕ್ಕೆ ಕ್ಷಾರವು ಪ್ರತಿಯೆಂದು ಎಲ್ಲಿಯೋ ಕೇಳಿದ್ದೆ. ಕಪಾಟಿನಲ್ಲಿ ಸುಣ್ಣದ ತಿಳಿನೀರಿನ ಸೀಸೆ ಕಂಡಿತು. ಅದನ್ನು ಎತ್ತಿಕೊಂಡು ಹುಡುಗನ ಕಣ್ಣಿಗೆ ಹಾಕಲು ಓಡಿದೆ. ಇನ್ನೊಂದು ಕ್ಷಣವಾಗಿದ್ದರೆ ಹಾಕಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಒಂದು ಒರಟು ಕೈ ನನ್ನ ಮುಂಗೈಯನ್ನು ಹಿಡಿಯಿತು.

"ಗುರುಗಳ, ಏನೂ ಹಾಕಬ್ಯಾಡ್ರಿ. ನೀರು. ಬರೇ ನೀರು."

ಅಜ್ಜ ಹುಡುಗನ ತೋಳು ಹಿಡಿದು ನಲ್ಲಿಯ ಬಳಿಗೆ ಎಳೆದೊಯ್ದ. ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ. ಕರೆಂಟು ಹೋಗಿ ಮೇಲಿನ ತೊಟ್ಟಿ ಬರಿದಾಗಿತ್ತು. ಆಗ ತಿಳಿಯಿತು, ಬಾಗಿಲ ಬಳಿಯ ಆ ಎರಡು ಕೊಡಗಳ ಅರ್ಥ. ಹುಡುಗನನ್ನು ನೆಲಕ್ಕೆ ಮಲಗಿಸಿ, ನೊಂದ ಎಡಗಣ್ಣು ಕೆಳಗಾಗುವಂತೆ ತಲೆಯನ್ನು ವಾಲಿಸಿ, ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ನೀರು ಹೊಯ್ಯತೊಡಗಿದ. ಮತ್ತೊಂದು ಕಣ್ಣಿಗೆ ಆ ನೀರು ಸೋಕಬಾರದೆಂಬ ಎಚ್ಚರ ಅದರಲ್ಲಿತ್ತು. ನೋವಿಗೆ ಬಿಗಿದುಕೊಂಡಿದ್ದ ರೆಪ್ಪೆಗಳನ್ನು ಎರಡು ಬೆರಳುಗಳಿಂದ ಬಿಡಿಸಿ ಹಿಡಿದ. ಅಂಗಿಯನ್ನು ಹರಿದು ತೆಗೆಸಿದ. ಕೊರಳ ಶಿವದಾರವನ್ನು ಮೆಲ್ಲಗೆ ಸರಿಸಿ ಎದೆಯ ಮೇಲೆಯೂ ನೀರು ಹೊಯ್ಸಿದ. ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, "ಗುರುಗಳ, ಗಡಿಯಾರ ನೋಡ್ರಿ. ಇಪ್ಪತ್ತು ಮಿನಿಟು ಆಗೂತನಕ ನಿಲ್ಲಸೂದಿಲ್ಲ" ಎಂದ.

ಎರಡು ಕೊಡಗಳು ಎಷ್ಟು ಹೊತ್ತು ಸಾಲುತ್ತವೆ? ಹುಡುಗರು ಪ್ರಸಾದನಿಲಯಕ್ಕೆ ಓಡಿದರು. ಅಡುಗೆಯವರು ಕುಡಿಯಲು ತುಂಬಿಸಿಟ್ಟಿದ್ದ ನೀರನ್ನೇ ಕೊಟ್ಟರು. ಅಡುಗೆಮನೆಯಿಂದ ಪ್ರಯೋಗಶಾಲೆಯವರೆಗೆ ಮಕ್ಕಳು ಸಾಲಾಗಿ ನಿಂತು ಕೊಡದಿಂದ ಕೊಡವನ್ನು ಕೈಗೆ ಕೈಯಾಗಿ ಸಾಗಿಸಿದರು. ಆ ದಿನ ಮಧ್ಯಾಹ್ನದ ಪಂಕ್ತಿ ತಡವಾಯಿತು. ಯಾರೂ ಕೇಳಲಿಲ್ಲ. ನಾನು ಗಡಿಯಾರ ಹಿಡಿದು ನಿಂತಿದ್ದೆ. ಅಷ್ಟು ಜನರಲ್ಲಿ ನನ್ನಿಂದಾದ ಉಪಕಾರ ಅದೊಂದೇ.

ಆಮೇಲೆ ಮಠದ ಜೀಪಿನಲ್ಲಿ ತಾಲ್ಲೂಕಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಜ್ಜ ತಂಬಿಗೆಯಿಂದ ನೀರು ಬಿಡುತ್ತಲೇ ಇದ್ದರು. ಇಲ್ಲಿಯವರೆಗೆ ಏಕವಚನದಲ್ಲಿ ಬರೆದ ನಾನು ಇಲ್ಲಿ ಬಹುವಚನಕ್ಕೆ ತಿರುಗಿದ್ದನ್ನು ಓದುಗರು ಗಮನಿಸಿರಬಹುದು. ಅದು ಕೈತಪ್ಪಲ್ಲ. ನನಗಿಂತ ಇಪ್ಪತ್ತೈದು ವರ್ಷ ಹಿರಿಯರಾದ ಅವರನ್ನು ಅಂದಿನವರೆಗೆ ನಾನು ಕರೆಯುತ್ತಿದ್ದುದು ಏಕವಚನದಲ್ಲಿಯೇ. ಅಂದಿನಿಂದ ಆ ಪ್ರಯೋಗವು ನನ್ನ ಬಾಯಲ್ಲಿ ಬರಲಿಲ್ಲ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ತೊಳೆದಿರಿ?" ಎಂಬುದು. ಉತ್ತರ ಕೇಳಿ, "ಬೇರೇನಾದರೂ ಹಾಕಿದಿರಾ?" ಎಂದರು. ನಾನು ತಲೆ ತಗ್ಗಿಸಿದೆ. ಅಜ್ಜ, "ಇಲ್ಲರಿ, ಬರೇ ನೀರು" ಎಂದರು. "ಹಾಗಾದರೆ ಅರ್ಧ ಚಿಕಿತ್ಸೆ ನೀವೇ ಮುಗಿಸಿಕೊಂಡು ಬಂದಿದ್ದೀರಿ" ಎಂದು ವೈದ್ಯರು ನುಡಿದರು. ಅಲ್ಲಿಂದ ನಗರದ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದರು. ಹುಡುಗನ ತಂದೆತಾಯಿಗಳು ಬಂದರು. ತಾಯಿ ನನ್ನನ್ನು ಏನೂ ಅನ್ನಲಿಲ್ಲ. "ನೀವು ಅಲ್ಲೇ ಇದ್ರೆಲ್ರಿ, ಸರ್ರ?" ಎಂದಷ್ಟೇ ಕೇಳಿದರು. ಅಲ್ಲೇ ಇದ್ದೆನೆಂದು ಹೇಳಲು ನನಗೆ ನಾಲಗೆ ಹೊರಳಲಿಲ್ಲ.

ಹುಡುಗನ ಕಣ್ಣು ಉಳಿಯಿತು. ಕೆನ್ನೆಯ ಮೇಲೆ ಬೇಳೆಯಗಲದ ಒಂದು ಕಲೆ ನಿಂತಿತು. ಮೂರು ವಾರಗಳ ಮೇಲೆ ಶಾಲೆಗೆ ಮರಳಿದ ಅವನನ್ನು ನಾನು ಹತ್ತಿರ ಕರೆದು, ಬೈಗುಳದ ದನಿಯಿಲ್ಲದೆಯೇ, "ಹಲಗೆಯನ್ನು ಓದಿರಲಿಲ್ಲವೇನಪ್ಪ?" ಎಂದು ಕೇಳಿದೆ.

"ಓದಿದ್ದೆರಿ ಸರ್ರ. ಬಾಯಿಪಾಠ ಐತ್ರಿ" ಎಂದು ಆ ವಾಕ್ಯವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದ. ಆಮೇಲೆ ಮೆಲ್ಲಗೆ, "ಪ್ರಕ್ಷೇಪಣ ಅಂದ್ರ ಏನ್ರಿ ಸರ್ರ?" ಎಂದು ಕೇಳಿದ.

ವಿದ್ವತ್ ಪರೀಕ್ಷೆಯ ಮೌಖಿಕದಲ್ಲಿ ಪ್ರಕಾಂಡ ಪಂಡಿತರ ಮುಂದೆ ಕುಳಿತಾಗಲೂ ನಾನು ಅಷ್ಟು ತಬ್ಬಿಬ್ಬಾದವನಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ನನ್ನ ವಾಕ್ಯವನ್ನು ಎದುರಿಗಿಟ್ಟುಕೊಂಡು, ವಿದ್ಯಾರ್ಥಿಯ ಉತ್ತರವನ್ನು ತಿದ್ದುವಂತೆ ತಿದ್ದತೊಡಗಿದೆ. ಅಜ್ಜನವರು ಇದೇ ನಿಯಮವನ್ನು ಹೇಗೆ ಹೇಳುತ್ತಾರೆಂದು ನೆನೆದೆ. "ನೀರಿಗೆ ಆಸಿಡ್ ಹಾಕು. ಆಸಿಡ್‌ಗೆ ನೀರು ಹಾಕಬ್ಯಾಡ." ಎರಡು ವಾಕ್ಯಗಳಲ್ಲಿಯೂ ಇರುವ ನಾಮಪದಗಳು ಅವೇ ಎರಡು. ಆಡುಮಾತಿನಲ್ಲಿ ನಿರ್ಜೀವ ವಸ್ತುವಿಗೆ ದ್ವಿತೀಯೆಯ 'ಅನ್ನು' ಸಾಮಾನ್ಯವಾಗಿ ಲೋಪವಾಗುವುದರಿಂದ, ಉಳಿಯುವ ಗುರುತು ಚತುರ್ಥಿಯ 'ಗೆ' ಒಂದೇ. ಆ 'ಗೆ' ಯಾವ ಪದಕ್ಕೆ ಹತ್ತುತ್ತದೆಂಬುದರ ಮೇಲೆ ಒಂದು ಮಗುವಿನ ಕಣ್ಣು ನಿಂತಿದೆ. ಇಷ್ಟು ಸ್ಪಷ್ಟವಾದ ಪ್ರತ್ಯಯವನ್ನು ನಮ್ಮ ಭಾಷೆಯೇ ಕೈಯಲ್ಲಿಟ್ಟಿರುವಾಗ, ನಾನು ಎರಡು ಕಡೆಯೂ ಸಪ್ತಮಿಯ 'ಅಲ್ಲಿ'ಯನ್ನು ಹಾಕಿ, ಸಮಾಸದ ಗಂಟುಕಟ್ಟಿ, ಯಾವುದು ಯಾವುದಕ್ಕೆ ಎಂಬುದನ್ನೇ ಮುಚ್ಚಿಬಿಟ್ಟಿದ್ದೆ. ಮೂವತ್ತು ವರ್ಷ ವಿಭಕ್ತಿಗಳನ್ನು ಪಾಠ ಮಾಡಿದ್ದೇನೆ. ಅವುಗಳ ಪ್ರಯೋಜನವನ್ನು ನನಗೆ ತಿಳಿಸಿದ್ದು ಪ್ರಯೋಗಶಾಲೆ.

ವಿಜ್ಞಾನದ ಅಧ್ಯಾಪಕರು ಹಿಂದಿರುಗಿದ ಮೇಲೆ ಅವರ ಬಳಿ ಕುಳಿತು ಕಾರಣಗಳನ್ನು ಕೇಳಿ ತಿಳಿದೆ. ಪ್ರಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ನೂರಕ್ಕೆ 98 ಪಾಲು ಆಮ್ಲವೇ ಇರುತ್ತದೆ. ಅದು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 1.84 ಪಟ್ಟು ಭಾರ. ನೀರು ಸೇರಿದೊಡನೆ ವಿಪರೀತ ಶಾಖ ಹುಟ್ಟುತ್ತದೆ. ಆಮ್ಲದ ಮೇಲೆ ಹೊಯ್ದ ನೀರು ಹಗುರವಾದ್ದರಿಂದ ಮೇಲೆಯೇ ನಿಂತು, ಅಲ್ಲಿಯೇ ಕುದಿದು, ಆಮ್ಲವನ್ನೂ ಎಳೆದುಕೊಂಡು ಸಿಡಿಯುತ್ತದೆ. ಹೆಚ್ಚು ನೀರಿಗೆ ತುಸು ತುಸುವೇ ಆಮ್ಲವನ್ನು ಬಿಟ್ಟು ಕಲಕಿದರೆ, ಭಾರವಾದ ಆಮ್ಲ ಕೆಳಗಿಳಿಯುತ್ತದೆ. ಹುಟ್ಟಿದ ಶಾಖವನ್ನು ನೀರು ಹಂಚಿಕೊಳ್ಳುತ್ತದೆ. ಇನ್ನು ನನ್ನ ಸುಣ್ಣದ ತಿಳಿನೀರು. ಆಮ್ಲವು ಕಣ್ಣಿನ ಮೇಲ್ಪದರವನ್ನು ಹೆಪ್ಪುಗಟ್ಟಿಸಿ ಎಷ್ಟೋ ವೇಳೆ ತನ್ನ ದಾರಿಗೆ ತಾನೇ ತಡೆಯೊಡ್ಡಿಕೊಳ್ಳುವುದುಂಟು. ಕ್ಷಾರವಾದರೋ ಕೊಬ್ಬಿನಂಶವನ್ನು ಸಾಬೂನಾಗಿಸುತ್ತ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆಮ್ಲವೂ ಕ್ಷಾರವೂ ಕೂಡಿದಲ್ಲಿ ಶಾಖವೂ ಹುಟ್ಟುತ್ತದೆ. ಅದನ್ನು ಕೇಳಿದಾಗ ನನ್ನ ಮುಂಗೈಯನ್ನು ಹಿಡಿದ ಆ ಕೈಯನ್ನು ನೆನೆದು ಮೈ ನಡುಗಿತು.

ಇದರಲ್ಲಿ ಒಂದು ವಿಚಿತ್ರವುಂಟು. ಆಮ್ಲದ ಬೀಕರಿಗೆ ಹೊಯ್ದಾಗ ಹಗೆಯಾದ ನೀರೇ, ಮೈಮೇಲೆ ಬಿದ್ದ ಆಮ್ಲಕ್ಕೆ ಮದ್ದೂ ಹೌದು. ಸಿಡಿದ ಹನಿ ಅಲ್ಪ. ಮೇಲೆ ಹರಿಯುವ ನೀರು ಅಪಾರ. ಹುಟ್ಟಿದ ಶಾಖವನ್ನೂ ಆಮ್ಲವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಪದ ಒಂದೇ ಆದರೂ ವಾಕ್ಯದಲ್ಲಿನ ಸ್ಥಾನದಿಂದ ಅರ್ಥ ಬೇರೆಯಾಗುವಂತೆ, ದ್ರವ್ಯ ಒಂದೇ ಆದರೂ ಪ್ರಮಾಣ ಮತ್ತು ಕ್ರಮಗಳಿಂದ ಗುಣ ಬೇರೆಯಾಗುತ್ತದೆ.

ಹೊಸ ಹಲಗೆಯನ್ನು ಬರೆಯುವ ಕೆಲಸವನ್ನು ನಾನೇ ಬೇಡಿ ಪಡೆದೆ. ಈ ಸಲ ನನ್ನ ಪರೀಕ್ಷಕರು ಮೂವರು: ವಿಜ್ಞಾನದ ಅಧ್ಯಾಪಕರು, ಅಜ್ಜನವರು, ಮತ್ತು ಎಂಟನೆಯ ತರಗತಿಯ ಅತ್ಯಂತ ಹಿಂದುಳಿದ ಹುಡುಗ. ಒಂದು ವಾಕ್ಯವನ್ನು ಓದಿ, ಅದರಂತೆ ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ವಾಕ್ಯ ತಪ್ಪು, ಹುಡುಗ ತಪ್ಪಲ್ಲ. ಹೀಗೆ ಸೋಸಿ ಉಳಿದ ಮಾತುಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ:

ನೀರಿಗೆ ಆಸಿಡ್ ಹಾಕು. ಆಸಿಡ್‌ಗೆ ನೀರು ಹಾಕಬೇಡ.
ಗುರುಗಳು ಇಲ್ಲದಾಗ ಸೀಸೆ ಮುಟ್ಟಬೇಡ. ಚೀಟಿ ಇಲ್ಲದ ಸೀಸೆಯನ್ನು ಎಂದಿಗೂ ಮುಟ್ಟಬೇಡ.
ಕನ್ನಡಕ ಹಾಕಿಕೊಂಡೇ ಒಳಗೆ ಬಾ.
ಯಾವುದನ್ನೂ ನಾಲಗೆಗೆ ಮುಟ್ಟಿಸಬೇಡ. ಕೊಳವೆಗೆ ಬಾಯಿ ಹಚ್ಚಿ ಎಳೆಯಬೇಡ.
ವಾಸನೆ ನೋಡಬೇಕಾದರೆ ಮೂಗು ಹತ್ತಿರ ಒಯ್ಯಬೇಡ. ಕೈಯಿಂದ ಗಾಳಿ ಬೀಸಿಕೋ.
ಕಾಯಿಸುವಾಗ ಪ್ರನಾಳದ ಬಾಯಿ ಯಾರ ಕಡೆಗೂ ಇರಬಾರದು, ನಿನ್ನ ಕಡೆಗೂ ಇರಬಾರದು.
ಉರಿಯುವ ದೀಪಕ್ಕೆ ಸ್ಪಿರಿಟ್ ಹಾಕಬೇಡ. ಊದಿ ಆರಿಸಬೇಡ, ಮುಚ್ಚಳ ಮುಚ್ಚಿ ಆರಿಸು.
ಮೈಗೆ ಏನೇ ಬಿದ್ದರೂ ಕೂಗು. ಮುಚ್ಚಿಡಬೇಡ. ಯಾರೂ ಬೈಯುವುದಿಲ್ಲ.
ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು 20 ನಿಮಿಷ ನೀರು ಬಿಡು. ಬೇರೇನೂ ಹಾಕಬೇಡ. ಆಮೇಲೆ ಆಸ್ಪತ್ರೆ.
ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡ. ನೆಲಕ್ಕೆ ಬಿದ್ದು ಉರುಳು.

'ಯಾರೂ ಬೈಯುವುದಿಲ್ಲ' ಎಂಬ ಮಾತನ್ನು ಸೇರಿಸಿದವರು ಅಜ್ಜನವರು. ಮೈಮೇಲೆ ಆಸಿಡ್ ಬಿದ್ದರೂ ಬೈಗುಳಕ್ಕೆ ಹೆದರಿ ಮುಚ್ಚಿಟ್ಟುಕೊಂಡು ಮನೆಗೆ ಹೋದ ಹುಡುಗರನ್ನು ಅವರು ಕಂಡಿದ್ದರಂತೆ. ಆ ಮೂರನೆಯ ಮಾತಿಲ್ಲದೆ 'ಕೂಗು' ಎಂಬ ವಿಧಿ ನಿಷ್ಫಲವೆಂಬುದು ನಮ್ಮಲ್ಲಿ ಮತ್ತಾರಿಗೂ ಹೊಳೆದಿರಲಿಲ್ಲ.

ಸ್ಪಿರಿಟ್ ದೀಪದ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣಿಸದಿರುವುದುಂಟು. ಆರಿದೆಯೆಂದು ತಿಳಿದು ಸ್ಪಿರಿಟ್ ಹೊಯ್ದವನ ಕೈಗೆ ಬೆಂಕಿ ಏರುತ್ತದೆ. ಅದಕ್ಕಾಗಿ ಗೋಡೆಗೆ ಎರಡು ದಪ್ಪ ಕಂಬಳಿಗಳನ್ನು ತೂಗುಹಾಕಿದ್ದೇವೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಸುತ್ತಿದರೆ ಗಾಳಿ ತಪ್ಪಿ ಉರಿ ಆರುತ್ತದೆ. ಪಕ್ಕದಲ್ಲಿ ಮರಳಿನ ಬಕೆಟ್ಟುಗಳಿವೆ. ಸೋಡಿಯಂ ಲೋಹಕ್ಕೆ ನೀರೇ ಬೆಂಕಿಯಾಗುವುದರಿಂದ, ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ಕಪಾಟಿಗೆ ಬೀಗ ಹಾಕಿದ್ದೇವೆ. ಸುಟ್ಟ ಗಾಯಕ್ಕೆ ಶಾಯಿ, ಬೆಣ್ಣೆ, ಹಲ್ಲಿನ ಪೇಸ್ಟು ಹಚ್ಚುವ ನಮ್ಮ ಮನೆಗಳ ರೂಢಿಯನ್ನು ಬಿಡಿಸಿ, ಅಲ್ಲಿಯೂ 20 ನಿಮಿಷ ತಣ್ಣೀರನ್ನೇ ಹರಿಸಬೇಕೆಂದು ಕಲಿಸುತ್ತಿದ್ದೇವೆ.

ಆದರೆ ಹಲಗೆ ಎಷ್ಟು ಸರಳವಾಗಿದ್ದರೂ ಆಪತ್ತಿನ ಹೊತ್ತಿನಲ್ಲಿ ಅದನ್ನು ಓದುವ ವ್ಯವಧಾನ ಯಾರಿಗಿದೆ? ಕಣ್ಣಿಗೆ ಆಸಿಡ್ ಬಿದ್ದವನು ಓದುವುದಾದರೂ ಹೇಗೆ? ಆದ್ದರಿಂದ ಪ್ರತಿವರ್ಷ ಜೂನ್ ತಿಂಗಳಲ್ಲಿ, ಮೊದಲ ಪ್ರಯೋಗಕ್ಕೆ ಮುನ್ನ, ಒಂದು ತಾಲೀಮು ನಡೆಸುತ್ತೇವೆ. ಒಬ್ಬೊಬ್ಬ ವಿದ್ಯಾರ್ಥಿಯೂ ತಾನು ನಿಂತ ಜಾಗದಿಂದ ಕಣ್ಣುಮುಚ್ಚಿ ನಲ್ಲಿಯವರೆಗೆ ಹೋಗಬೇಕು. ಮೊದಲ ಸಲ ಮಕ್ಕಳು ನಗುತ್ತಾರೆ. ಮಣೆಗೆ ಎಡವಿ, ಗೋಡೆಗೆ ತಾಗಿದಾಗ ನಗು ನಿಲ್ಲುತ್ತದೆ. ದಾರಿಯಲ್ಲಿ ಮಣೆಗಳನ್ನೂ ಚೀಲಗಳನ್ನೂ ಏಕೆ ಇಡಬಾರದೆಂಬುದು ಹೇಳದೆಯೇ ಅರ್ಥವಾಗುತ್ತದೆ. ಆಮೇಲೆ ಕೆಲಸಗಳನ್ನು ಹಂಚುತ್ತೇವೆ. ಇಬ್ಬರು ನೊಂದವನನ್ನು ನೀರಿಗೆ ಒಯ್ಯಬೇಕು; ಒಬ್ಬರು ದೀಪಗಳನ್ನೆಲ್ಲ ಆರಿಸಬೇಕು; ಒಬ್ಬರು ಕಚೇರಿಗೆ ಓಡಿ 108ಕ್ಕೆ ಕರೆ ಮಾಡಿಸಬೇಕು; ಒಬ್ಬರು ಗಡಿಯಾರ ಹಿಡಿಯಬೇಕು; ಯಾವ ಸೀಸೆಯಿಂದ ಅಪಾಯವಾಯಿತೋ ಅದರ ಹೆಸರನ್ನು ಒಬ್ಬರು ಬರೆದುಕೊಂಡು ವೈದ್ಯರಿಗೆ ಕೊಡಬೇಕು; ಉಳಿದವರು ಸಾಲಾಗಿ ಹೊರಗೆ ಹೋಗಬೇಕು. ಗಡಿಯಾರ ಹಿಡಿಯುವ ಕೆಲಸವನ್ನು ಪ್ರತಿವರ್ಷವೂ ನಾನೇ ಕೇಳಿ ಪಡೆಯುತ್ತೇನೆ.

ಇಂಥ ಎಚ್ಚರವೆಲ್ಲ ದಡ್ಡರಿಗೆ, ಜಾಣರಿಗೆ ಬೇಡವೆಂದು ಯಾರೂ ಭಾವಿಸದಿರಲಿ. ಯಾವ ಬುನ್ಸೆನ್ನನ ಹೆಸರಿನ ದೀಪವನ್ನು ಮಕ್ಕಳು ಪುಸ್ತಕದಲ್ಲಿ ಓದುತ್ತಾರೋ ಆ ಮಹನೀಯನೇ ಆರ್ಸೆನಿಕ್ಕಿನ ಸಂಯುಕ್ತವೊಂದು ಸ್ಫೋಟಿಸಿ ತನ್ನ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡ. ಹಂಫ್ರಿ ಡೇವಿಯಂಥ ರಸಾಯನಶಾಸ್ತ್ರಜ್ಞನೂ 1812ರಲ್ಲಿ ನೈಟ್ರೋಜನ್ ಟ್ರೈಕ್ಲೋರೈಡು ಸಿಡಿದು ಕಣ್ಣಿಗೆ ಪೆಟ್ಟು ಮಾಡಿಕೊಂಡ. ಬರೆಯಲಾರದ ಆ ದಿನಗಳಲ್ಲಿ ಅವನ ಲಿಪಿಕಾರನಾಗಿ ಬಂದವನು ಪುಸ್ತಕ ಕಟ್ಟುವ ಕಸುಬಿನ ತರುಣ ಮೈಕೇಲ್ ಫ್ಯಾರಡೆ. ಮಹಾಪಂಡಿತನ ಕಣ್ಣಿಗೆ ಒಬ್ಬ ಕುಶಲಕರ್ಮಿಯ ಕೈ ಆಸರೆಯಾಯಿತು. ನಮ್ಮ ಶಾಲೆಯಲ್ಲಿಯೂ ನಡೆದದ್ದು ಹಾಗೆಯೇ ಅಲ್ಲವೆ?

ಕನ್ನಡ ಪಂಡಿತರಿಗೆ ಇದರಲ್ಲಿ ಏನು ಕೆಲಸವೆಂಬ ಪ್ರಶ್ನೆಗೆ ಮರಳಿ ಬರುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ವೆಂಕಟನಾರಣಪ್ಪನವರು ಮುಂದೆ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆಯುವುದಕ್ಕೇ ತಮ್ಮ ಆಯುಷ್ಯವನ್ನು ತೆತ್ತರು. ವಿಜ್ಞಾನಿಗಳು ನಮ್ಮ ಅಂಗಳಕ್ಕೆ ಬಂದು ನಮ್ಮ ಕೆಲಸವನ್ನು ಮಾಡಿಕೊಟ್ಟಿದ್ದಾರೆ. ನಾವು ಅವರ ಅಂಗಳಕ್ಕೆ ಹೋಗಿ ಒಂದು ಸೀಸೆಯ ಮೇಲಿನ ಚೀಟಿಯನ್ನಾದರೂ ಓದಬಲ್ಲ ಕನ್ನಡದಲ್ಲಿ ಬರೆದುಕೊಡಬಾರದೆ? ಜನ ಆಡುವ ಮಾತಿನಲ್ಲಿಯೇ ಅತಿ ಗಹನವಾದುದನ್ನು ನುಡಿಯಬಹುದೆಂದು ಹನ್ನೆರಡನೆಯ ಶತಮಾನದ ಶರಣರು ತೋರಿಸಿಕೊಟ್ಟರೆಂದು ತರಗತಿಯಲ್ಲಿ ನಾನು ನೂರು ಸಲ ಹೇಳಿದ್ದೆ. ಕೈಗೆ ಕುಂಚ ಬಂದಾಗ ನನಗೆ ಅದು ಮರೆತುಹೋಗಿತ್ತು.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿ ಒಂದು ವಿನಂತಿ. ಪ್ರಯೋಗಶಾಲೆಗೆ ಕೊಡುವಾಗ ಹೊಳೆಯುವ ಉಪಕರಣವೊಂದರ ಮೇಲೆ ಹೆಸರು ಕೆತ್ತಿಸುವ ಆಸೆ ಸಹಜ. ಆದರೆ ಕರೆಂಟು ಹೋದರೂ ನೀರು ನಿಲ್ಲದ ಒಂದು ಪ್ರತ್ಯೇಕ ತೊಟ್ಟಿ, ಎರಡು ಕಣ್ಣುಗಳನ್ನೂ ಒಮ್ಮೆಗೇ ತೊಳೆಯಬಲ್ಲ ನಲ್ಲಿ, ತಲೆಗೊಂದರಂತೆ ರಕ್ಷಣೆಯ ಕನ್ನಡಕ, ಆಸಿಡ್ ಸೀಸೆಗಳಿಗೆ ಎದೆಯ ಮಟ್ಟಕ್ಕಿಂತ ಕೆಳಗಿರುವ ಬೀಗದ ಕಪಾಟು, ಬೆಂಕಿ ಆರಿಸುವ ಸಾಧನ, ಕೆಟ್ಟ ಗಾಳಿಯನ್ನು ಹೊರಗೆಳೆಯುವ ಪಂಖ – ಇವು ಕೂಡ ದಾಸೋಹವೇ. ಇವುಗಳ ಪೈಕಿ ಕೆಲವು ನಮ್ಮಲ್ಲಿ ಆಗಿವೆ, ಕೆಲವು ಆಗಬೇಕಾಗಿವೆ. ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು ವಿನಂತಿ: ವಿಷಯ ತಿಳಿಯದವನನ್ನು ಪ್ರಯೋಗಶಾಲೆಯ ಕಾವಲಿಗೆ ಕೂರಿಸಬೇಡಿ. ಕೂರಿಸಿದರೆ 'ಆಗದು' ಎಂದು ಹೇಳುವ ಧೈರ್ಯ ಅವನಿಗಿರಲಿ. ಅಂದು ನನಗೆ ಅದಿರಲಿಲ್ಲ.

ಅಜ್ಜನವರು ಇಂದು ನಮ್ಮೊಡನಿಲ್ಲ. ಅವರು ಸೇವೆಯಿಂದ ಬಿಡುಗಡೆಯಾದ ದಿನ, ಈ ವಿದ್ಯೆಯನ್ನು ಯಾರು ಕಲಿಸಿದರೆಂದು ಕೇಳಿದ್ದೆ. ಬಹಳ ಹಿಂದಿನ ವಿಜ್ಞಾನದ ಮಾಸ್ತರರೊಬ್ಬರು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದರಂತೆ: ಏನೇ ಬಿದ್ದರೂ ಮೊದಲು ನೀರು, ಇಪ್ಪತ್ತು ನಿಮಿಷ. "ಅವರು ನನಗ ತಿಳಿಯೂಹಂಗ ಹೇಳಿದ್ರಿ, ಅದಕ್ಕ ನೆನಪುಳೀತು" ಎಂದರು. ಅವರು ನನ್ನನ್ನು ಚುಚ್ಚಲೆಂದು ಹಾಗೆ ಹೇಳಲಿಲ್ಲ. ಆದರೂ ಅದು ನಾಟಿತು.

ಕಳೆದ ಜಾತ್ರೆಗೆ ಆ ಹಳೆಯ ವಿದ್ಯಾರ್ಥಿ ಬಂದಿದ್ದ. ಈಗ ಒಕ್ಕಲುತನ ಮಾಡಿಕೊಂಡಿದ್ದಾನೆ. ಮಗಳನ್ನು ನಮ್ಮ ಶಾಲೆಯ ಎಂಟನೆಯ ತರಗತಿಗೆ ಸೇರಿಸಬೇಕೆಂದಿದ್ದಾನೆ. ಪ್ರಯೋಗಶಾಲೆಯನ್ನು ನೋಡಿಕೊಂಡು ಬಂದು, "ಹಳೇ ಬೋರ್ಡು ಎಲ್ಲೈತ್ರಿ ಸರ್ರ?" ಎಂದು ಕೇಳಿದ. ನಾನು ಅವನನ್ನು ನನ್ನ ಕೋಣೆಗೆ ಕರೆದೊಯ್ದೆ. ನಾನು ಕುಳಿತುಕೊಳ್ಳುವ ಕುರ್ಚಿಗೆ ಎದುರಾಗಿ, ಪತ್ರಿಕೆ ತಿದ್ದುವಾಗ ತಲೆಯೆತ್ತಿದರೆ ಕಾಣುವಂತೆ, ಆ ಕರಿಯ ಹಲಗೆ ಗೋಡೆಯಲ್ಲಿದೆ. ಅವನು ಅದರ ಮುಂದೆ ನಿಂತು ಮೂರನೆಯ ನಿಯಮವನ್ನು ಗಟ್ಟಿಯಾಗಿ ಓದಿ ನಕ್ಕ. ಕೆನ್ನೆಯ ಮೇಲಿನ ಕಲೆಯೂ ನಕ್ಕಂತಾಯಿತು. ನಾನೂ ನಗಲು ಯತ್ನಿಸಿದೆ.

ಅವನ ಮಗಳು ಜೂನ್ ತಿಂಗಳಲ್ಲಿ ತಾಲೀಮಿಗೆ ನಿಲ್ಲುತ್ತಾಳೆ. ಗಡಿಯಾರ ನನ್ನ ಕೈಯಲ್ಲಿರುತ್ತದೆ.